ಕೊಡತಿ ಅಕ್ಕನ ಕಿವಿ

ಅವಳನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಹೆಗಲಿಗೊಂದು ಗೋಣಿಬಟ್ಟೆಯ ಚೀಲ, ಅದರೊಳಗಿಂದ ಇಣುಕುವ ಮರದ ಕೊಡತಿಯ ಹಿಡಿ. ಇಷ್ಟು ಕಂಡರೆ ಸಾಕು, ಅಂಗಡಿಯವನಿಗೆ, ಹಾಲಿನವನಿಗೆ, ಎದುರುಮನೆಯ ಮುದುಕನಿಗೆ, ಎಲ್ಲರಿಗೂ ಅವಳು ಕೊಡತಿ ಅಕ್ಕ. ತನ್ನ ಅಪ್ಪನ ವಯಸ್ಸಿನವರೂ ಅಕ್ಕ ಎನ್ನುತ್ತಾರಲ್ಲ ಎಂದು ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು.

ಹಳೆಯ ಮರದ ಕೊಂಬೆ ಕಡಿಯುವ ಮೊದಲು ಮರ ಒಳಗೆ ಹೇಗಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಹತ್ತುವವನು, ಕಡಿಯುವವನು ತಮ್ಮ. ಕೆಲಸ ಅಪ್ಪನಿಂದ ಬಂದದ್ದು. ಅಪ್ಪ ಮನೆಯಲ್ಲಿ ಮಾತಿಗೆ ಜಿಪುಣ, ಆದರೆ ಮರದ ಮುಂದೆ ನಿಂತರೆ ನಾಲಿಗೆ ಸಡಿಲವಾಗುತ್ತಿತ್ತು. "ಮೊದಲು ಸುತ್ತ ನಡಿ. ಮುಟ್ಟಬೇಡ, ಬರೀ ನೋಡು" ಎನ್ನುತ್ತಿದ್ದ. ಬುಡದಲ್ಲಿ ಅಣಬೆ ಎದ್ದಿದೆಯಾ? ತೊಗಟೆಯ ಸಂದಿಯಿಂದ ಕಪ್ಪು ನೀರು ಇಳಿದ ಗುರುತಿದೆಯಾ? ಹಿಂದೆಂದೋ ಕಡಿದ ಕೊಂಬೆಯ ಗಾಯ ಮುಚ್ಚಿಕೊಂಡಿದೆಯಾ, ಇನ್ನೂ ಬಾಯಿ ಬಿಟ್ಟುಕೊಂಡಿದೆಯಾ? ಕಾಂಡ ಕಾರಣವಿಲ್ಲದೆ ಒಂದು ಕಡೆ ಊದಿಕೊಂಡಿದೆಯಾ? ಇಷ್ಟೆಲ್ಲ ನೋಡಿದ ಮೇಲೆ ಕೊಡತಿ. ಗಟ್ಟಿ ಮರ ಏಟನ್ನು ವಾಪಸು ಕೊಡುತ್ತದೆ, ಟಣ್ ಎನ್ನುತ್ತದೆ. ಟೊಳ್ಳು ಬಿದ್ದದ್ದು ಖಾಲಿ ಡಬ್ಬದ ಹಾಗೆ ಗುಂಯ್‌ಗುಡುತ್ತದೆ. ಕೊಳೆತು ಮೆತ್ತಗಾದದ್ದು ಮಾತ್ರ ಏಟನ್ನು ನುಂಗಿಬಿಡುತ್ತದೆ, ದಿಂಬಿಗೆ ಗುದ್ದಿದ ಹಾಗೆ ಬೊದ್ ಎಂದು ಸುಮ್ಮನಾಗುತ್ತದೆ. ಅದಕ್ಕೂ ಮೇಲೆ ಅನುಮಾನ ಉಳಿದರೆ ಬೈರಿಗೆ. ತೆಳ್ಳನೆಯ ತೂತು ಕೊರೆದು, ಹೊರಗೆ ಬಂದ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಮೂಸಬೇಕು. ಆದರೆ ಬೈರಿಗೆ ತೆಗೆಯುವುದೆಂದರೆ ಅಪ್ಪನಿಗೆ ಅವಮಾನ. ಚೆನ್ನಾಗಿರುವ ಮರಕ್ಕೆ ತೂತು ಹಾಕಿ ನೀರಿಗೆ ದಾರಿ ಮಾಡಿಕೊಟ್ಟಂತೆ ಎನ್ನುತ್ತಿದ್ದ.

ಮಗ ಅಂಗಾಲು ತಾಗಿಸಿದ ಕಡೆಯೆಲ್ಲ ಹತ್ತುತ್ತಿದ್ದ. ಮಗಳು ಒಳಕೋಣೆಯಲ್ಲಿ ಕೂತು, ಅಡುಗೆಮನೆಯಲ್ಲಿ ಬಿದ್ದ ಲೋಟ ಸೀಳುಬಿಟ್ಟಿತೋ ಇಲ್ಲವೋ ಎಂದು ಶಬ್ದದಲ್ಲೇ ಹೇಳುತ್ತಿದ್ದಳು. "ಇವನಿಗೆ ಕೋತಿಯ ಕೈಕಾಲು, ಇವಳಿಗೆ ಕಿವಿ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಬ್ಬ ಪೂರ್ತಿ ಕೆಲಸಗಾರ ಆಗ್ತಾನೆ" ಎಂದು ಅಪ್ಪ ನಗುತ್ತಿದ್ದ. ಅವಳಿಗೆ ಮದುವೆಯಾಯಿತು, ಬೇಗನೆ ಗಂಡ ತೀರಿಕೊಂಡ, ಒಂದು ಪೆಟ್ಟಿಗೆ ಹಿಡಿದು ತವರಿಗೆ ವಾಪಸು ಬಂದಳು. ಅಪ್ಪ ಏನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಕೊಡತಿಯನ್ನು ಅವಳ ಮುಂದಿಟ್ಟು, "ನಡಿ, ಕೆಲಸ ಇದೆ" ಎಂದ, ಅಷ್ಟೇ. ಅಪ್ಪ ಹೋದ ಮೇಲೂ ಅಕ್ಕ, ತಮ್ಮ ಹಾಗೆಯೇ ನಡೆಸಿಕೊಂಡು ಬಂದರು. ಅವಳು "ಗಟ್ಟಿ ಇದೆ" ಎಂದರೆ ಅವನು ಹತ್ತುವನು. "ಬೇಡ" ಎಂದರೆ ಆ ಕೊಂಬೆಗೆ ಕಾಲಿಡದೆ, ಏಣಿಯಿಂದಲೋ ಪಕ್ಕದ ಕೊಂಬೆಯಿಂದಲೋ ಅದನ್ನು ಕಡಿದು ಇಳಿಸುವನು. ಆ ಎರಡು ಮಾತಿನ ಮೇಲೆ ವಾದವಿರಲಿಲ್ಲ.

ಅವಳ ಮಾತಿಗೆ ತೂಕವಿತ್ತು. ಒಬ್ಬ ಔಷಧಿ ಅಂಗಡಿಯವನು ತನ್ನ ಬಾಗಿಲ ಮುಂದಿನ ಮರ ಟೊಳ್ಳಾಗಿದೆ, ಇವತ್ತೋ ನಾಳೆಯೋ ತಲೆ ಮೇಲೆ ಬೀಳುತ್ತದೆ ಎಂದು ಅಂಗಲಾಚಿದ್ದ. ಅವಳು ಸುತ್ತ ಬಡಿದು ನೋಡಿ, "ಟೊಳ್ಳು ನಿಜ. ಆದ್ರೆ ಸುತ್ತಲಿನ ಗೋಡೆ ದಪ್ಪ ಇದೆ. ನಿಮ್ಮ ಅಂಗಡಿ ಗೋಡೆಗಿಂತ ದಪ್ಪ ಇದೆ. ಬಿದ್ರೆ ಮೊದಲು ಅಂಗಡಿ ಬೀಳ್ಬೇಕು" ಎಂದಿದ್ದಳು. ಅವನು ಮುಖ ಸಿಂಡರಿಸಿದ. ಮರ ಉಳಿಯಿತು.

ಆಮೇಲೆ ತಮ್ಮ ಮೋಟಾರು ಗರಗಸ ತಂದ. ದಿನವಿಡೀ ಕೈಗರಗಸ ಎಳೆದು ಅವನ ಭುಜ ಬಿದ್ದುಹೋಗಿತ್ತು. ಕೆಲಸ ಚುರುಕಾಯಿತು. ಗರಗಸದ ಜೊತೆ ಬಂದ ಕಿವಿಮುಚ್ಚಳವನ್ನು ಅವನು ಹಾಕಿಕೊಳ್ಳುತ್ತಿದ್ದ. ಅವಳು ಕೆಳಗೆ ಹಗ್ಗ ಹಿಡಿದು ನಿಲ್ಲುವವಳು. ಮೇಲಿಂದ ಅವನು "ಬಿಡು", "ಎಳಿ" ಎಂದು ಕೂಗಿದ್ದು ಕೇಳಬೇಕಲ್ಲ, ಅವಳಿಗೆಲ್ಲಿಯ ಮುಚ್ಚಳ. ಹೀಗೆ ವರ್ಷಗಳು ಹೋದವು.

ಅವಳ ಕಿವಿಯಿಂದ ಮೊದಲು ಹೋದದ್ದು ತಮ್ಮನ ಮಗಳ ದನಿ. ಪುಟ್ಟ ಹುಡುಗಿ, ತಂತಿಯಂಥ ಸಣ್ಣ ಕಂಠ. "ಅತ್ತೆ, ಅತ್ತೆ" ಎಂದು ಹಿಂದಿನಿಂದ ಕರೆದರೆ ಇವಳು ತಿರುಗುತ್ತಿರಲಿಲ್ಲ. ಒಂದು ದಿನ ಹುಡುಗಿ ಅಮ್ಮನ ಸೆರಗು ಹಿಡಿದು ಅತ್ತಳು, "ಅತ್ತೆಗೆ ನನ್ನ ಮೇಲೆ ಕೋಪ." ತಮ್ಮನ ಹೆಂಡತಿ ನಗುತ್ತಾ ಬಂದು, "ಏನಕ್ಕಾ, ಮಗು ಜೊತೆ ಟೂ ಬಿಟ್ಟಿದೀರಂತೆ?" ಎಂದು ಕೇಳಿದಾಗ ಇವಳೂ ನಕ್ಕಳು. ನಕ್ಕು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಗಡಿಯಾರವನ್ನು ಒಂದು ಕಿವಿಗಿಟ್ಟಳು, ಇನ್ನೊಂದು ಕಿವಿಗಿಟ್ಟಳು. ಮುಳ್ಳು ಓಡುತ್ತಿತ್ತು. ಶಬ್ದವಿರಲಿಲ್ಲ.

ಮರದ ಶಬ್ದವೂ ಬದಲಾಗುತ್ತಿತ್ತು. ಏಟು ಕೇಳುತ್ತಿತ್ತು, ಆದರೆ ಅದರ ತುದಿಯಲ್ಲಿನ ಆ ಟಣ್ ಮೊಂಡಾಗಿತ್ತು. ಎಲ್ಲ ಮರವೂ ಸ್ವಲ್ಪ ಸ್ವಲ್ಪ ಕೊಳೆತಂತೆಯೇ ಕೇಳುತ್ತಿತ್ತು. ಅವಳು ಹೆಚ್ಚುಹೆಚ್ಚು ಸಲ "ಬೇಡ" ಎನ್ನತೊಡಗಿದಳು. ಮರಗಳು ಹಳತಾಗುತ್ತಿವೆ, ಬೇರಿಗೆ ಗಾಳಿ ಬಿಡದ ಹಾಗೆ ಎಲ್ಲೆಲ್ಲೂ ಸಿಮೆಂಟು ಸುರಿದಿದ್ದಾರೆ, ಕೊಳೆಯದೆ ಇನ್ನೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತಮ್ಮನಲ್ಲಿ ಹೊಸದೊಂದು ಅಚ್ಚುಕಟ್ಟುತನ ಬಂದಿತ್ತು. ಮೊದಲೆಲ್ಲ ಕೊಂಬೆ ಇಳಿಸಿದರೆ ಹೇಗೆ ಬಿತ್ತೋ ಹಾಗೆ. ಈಗ ತುಂಡುಗಳನ್ನೆಲ್ಲ ತಾನೇ ಎಳೆದು, ಕೊಯ್ದ ಮುಖ ನೆಲಕ್ಕೆ ಬರುವ ಹಾಗೆ ಒಟ್ಟುತ್ತಿದ್ದ, ಮೇಲೆ ಸೊಪ್ಪು ಮುಚ್ಚುತ್ತಿದ್ದ. "ವಯಸ್ಸಾದ ಮೇಲೆ ಬುದ್ಧಿ ಬಂತು ನೋಡು" ಎಂದು ಅವಳು ರೇಗಿಸುತ್ತಿದ್ದಳು. ಅವನು ಹಲ್ಲು ಕಿರಿದು ಇನ್ನೊಂದು ತುಂಡು ಎಳೆಯುತ್ತಿದ್ದ.

ಒಂದು ಮಧ್ಯಾಹ್ನ ಅವನು ನೀರು ಕುಡಿಯಲು ಹೋದಾಗ ಅವಳು ಒಟ್ಟಿಲಿನ ಮೇಲೆ ಕೂರಲು ಹೋದಳು. ತುಂಡೊಂದು ಉರುಳಿ ಮುಖ ಮೇಲಾಯಿತು. ಅವಳೇ "ಬೇಡ" ಎಂದಿದ್ದ ಕೊಂಬೆ ಅದು. ತೊಗಟೆಯಿಂದ ತಿರುಳಿನವರೆಗೆ ಎಲ್ಲೂ ಒಂದು ಕಲೆಯಿಲ್ಲ. ಹಸಿ ಮರದ ಒಳ್ಳೆಯ ವಾಸನೆ. ಅವಳು ಇನ್ನೊಂದನ್ನು ತಿರುವಿದಳು, ಮತ್ತೊಂದನ್ನು ತಿರುವಿದಳು. ಎಲ್ಲವೂ ಗಟ್ಟಿ. ತಮ್ಮನ ಹೆಜ್ಜೆ ಕಂಡ ಕೂಡಲೇ ತುಂಡುಗಳನ್ನು ಹೇಗಿದ್ದವೋ ಹಾಗೆ ಮಗುಚಿಟ್ಟು, ಸೊಪ್ಪು ಎಳೆದಳು.

ಆ ದಿನವೇ ಬಾಯಿ ಬಿಡಬಹುದಿತ್ತು. ರಾತ್ರಿ ಊಟಕ್ಕೆ ಕೂತಾಗ ಮಾತು ಗಂಟಲವರೆಗೆ ಬಂದಿತ್ತು ಕೂಡ. ಆದರೆ ಕಿವಿ ಹೋಯಿತು ಎಂದಮೇಲೆ ಆ ಮನೆಯಲ್ಲಿ ಅವಳು ಯಾರು? ತಮ್ಮನ ಮನೆಯ ಒಂದು ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡ ವಿಧವೆ ಅಕ್ಕ. ಯಾರೂ ಹಾಗೆ ಅನ್ನುತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಆದರೂ ತುತ್ತಿನ ಜೊತೆ ಮಾತನ್ನೂ ನುಂಗಿದಳು.

ಬದಲಿಗೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಳು. ತನ್ನ ಕಿವಿಗೆ ಎಲ್ಲವೂ ಮೊಂಡಾಗಿ ಕೇಳುತ್ತದೆ. ಹಾಗಿದ್ದರೆ ಕೇಳಿದ್ದಕ್ಕೆ ಸ್ವಲ್ಪ ಸೇರಿಸಿಕೊಂಡರಾಯಿತು. ಮೊಂಡಾಗಿ ಕೇಳಿದ್ದು ಗಟ್ಟಿ. ತೀರಾ ಸತ್ತಂತೆ ಕೇಳಿದ್ದು ಕೊಳೆತದ್ದು. ಕಣ್ಣಿದೆ, ಮೂಗಿದೆ, ಇಷ್ಟು ವರ್ಷದ ಕೈಯಿದೆ. ಹೀಗೇ ಒಂದಿಷ್ಟು ಕಾಲ ನಡೆಯಿತು. "ಬೇಡ" ಕಡಿಮೆಯಾಯಿತು, "ಗಟ್ಟಿ ಇದೆ" ಹೆಚ್ಚಾಯಿತು. ತಮ್ಮನ ಮುಖದಲ್ಲಿ ಗೆಲುವು ಕಂಡಿತು. ಅಕ್ಕನ ಕಿವಿ ಸರಿಹೋಯಿತು ಎಂದು ಅವನು ಒಳಗೊಳಗೇ ಅಂದುಕೊಂಡಿರಬೇಕು.

ದರ್ಜಿಯ ಮನೆಯ ಕೆಲಸ ಬಂದದ್ದು ಗಾಳಿಯ ಕಾಲ ಶುರುವಾಗುವ ಮೊದಲು. ಹಿತ್ತಿಲಲ್ಲಿ ಭಾರಿ ಮರ, ಅದರ ಒಂದು ಕೆಳಗೊಂಬೆ ಹೊಲಿಗೆ ಕೋಣೆಯ ತಗಡಿನ ಮಾಡಿಗೆ ಒರಗಿಕೊಂಡಿತ್ತು. ಗಾಳಿ ಬೀಸಿದಾಗಲೆಲ್ಲ ತಗಡು ಕಿರ್ರೆಂದು ಒದರಿ, ಒಳಗೆ ಹೊಲಿಯುವ ಹೆಂಗಸರು ಬೆಚ್ಚಿಬೀಳುತ್ತಿದ್ದರಂತೆ.

"ಅದೊಂದನ್ನ ತೆಗೆದುಬಿಡಿ ಸಾಕು" ಎಂದ ದರ್ಜಿ. ಕುತ್ತಿಗೆಗೆ ಅಳತೆ ಪಟ್ಟಿ ಹಾಗೆಯೇ ಜೋತಾಡುತ್ತಿತ್ತು. "ಮರಕ್ಕೆ ನೋವಾಗಬಾರದು, ಮಾಡಿಗೂ ನೋವಾಗಬಾರದು."

"ನಮ್ಮ ತಮ್ಮನಿಗೆ ನೋವಾದ್ರೆ ಪರವಾಗಿಲ್ವಾ?" ಎಂದಳು ಅವಳು. ಎಲ್ಲರೂ ನಕ್ಕರು.

ಕಡಿಯಬೇಕಾದ ಕೊಂಬೆಯ ಮೇಲೆ ಭಾರ ಹಾಕುವಂತಿರಲಿಲ್ಲ. ಅದಕ್ಕಿಂತ ಮೇಲಿನ ಕವಲಿಗೆ ಹಗ್ಗ ಹಾಕಿ, ಸೊಂಟಕ್ಕೆ ಬಿಗಿದು, ತೂಗಾಡುತ್ತಾ ಕೊಯ್ಯಬೇಕು. ಹಾಗಾಗಿ ನೋಡಬೇಕಾದ್ದು ಆ ಮೇಲಿನ ಕವಲನ್ನು. ಅವಳು ಏಣಿ ಹತ್ತಿದಳು. ಕವಲಿನ ಸಂದಿಯಲ್ಲಿ ಹಳೆಯ ಗಾಯವೊಂದಿತ್ತು, ತುಂಬ ವರ್ಷದ ಹಿಂದಿನದು. ಅದರ ಮೇಲೆ ಹೊಸ ತೊಗಟೆ ತುಟಿ ಮುಚ್ಚಿದ ಹಾಗೆ ನೀಟಾಗಿ ಬೆಳೆದಿತ್ತು. ನೀರಿನ ಗುರುತಿಲ್ಲ, ಅಣಬೆಯಿಲ್ಲ. ಕೊಡತಿಯಿಂದ ಬಡಿದಳು. ಮೊಂಡು. ಇನ್ನೊಂದು ಕಡೆ ಬಡಿದಳು. ಅದೂ ಮೊಂಡು, ಸ್ವಲ್ಪ ಹೆಚ್ಚೇ ಮೊಂಡು. ಎಷ್ಟು ಸೇರಿಸಿಕೊಳ್ಳಬೇಕು ಎಂದು ಅವಳು ಒಂದು ಕ್ಷಣ ತಡೆದಳು. ಬೈರಿಗೆ ಕೆಳಗೆ ಚೀಲದಲ್ಲಿತ್ತು. ಕೇಳಿದರೆ ತಮ್ಮ ತಲೆಯೆತ್ತಿ ನೋಡುತ್ತಾನೆ. ಇಷ್ಟು ಒಳ್ಳೆಯ ತೊಗಟೆಯ ಕವಲಿಗೆ ಬೈರಿಗೆ ಯಾಕೆ ಅನ್ನುತ್ತಾನೆ.

"ಏನಕ್ಕಾ?" ಎಂದು ಅವನು ಕೆಳಗಿನಿಂದ ಕೂಗಿದ.

"ಗಟ್ಟಿ ಇದೆ" ಎಂದಳು.

ಅವನು ಹತ್ತಿದ. ಹಗ್ಗವನ್ನು ಕವಲಿಗೆ ಹಾಕಿ ಜಗ್ಗಿ ನೋಡಿದ, ಕಿವಿಮುಚ್ಚಳ ಇಳಿಸಿಕೊಂಡ, ಗರಗಸ ಎಳೆದು ಚಾಲೂ ಮಾಡಿದ. ಹೊಟ್ಟು ಹಳದಿಯಾಗಿ ಉದುರತೊಡಗಿತು. ಕೊಂಬೆ ಅರ್ಧ ಕೊಯ್ದಾಗ ಅವನು ಕಾಲು ಬದಲಾಯಿಸಲು ಹಗ್ಗದ ಮೇಲೆ ಪೂರ್ತಿ ಭಾರ ಬಿಟ್ಟ. ಅವಳಿಗೆ ಶಬ್ದ ಕೇಳಲೇ ಇಲ್ಲ. ಕಣ್ಣಿಗೆ ಕಂಡದ್ದಷ್ಟೆ. ಮೇಲಿನ ಕವಲು ಬಾಯಿ ತೆರೆದುಕೊಂಡಿತು, ಒಳಗಿಂದ ಕಂದು ಪುಡಿ ಹೊಗೆಯಂತೆ ಎದ್ದಿತು, ಹಗ್ಗ, ಕೊಂಬೆ, ತಮ್ಮ ಎಲ್ಲ ಒಟ್ಟಿಗೆ ಬಂದರು. ತಗಡಿನ ಮಾಡು ಅವನನ್ನು ಒಂದು ಗಳಿಗೆ ಹಿಡಿದಂತೆ ಮಾಡಿ, ಮಡಿಸಿಕೊಂಡು, ಒಳಕ್ಕೆ ಬಿಟ್ಟಿತು. ಹೊಲಿಗೆ ಯಂತ್ರಗಳ ನಡುವೆ ಬಿದ್ದಿದ್ದ. ಪುಣ್ಯಕ್ಕೆ ಬೇರೆ ಯಾರಿಗೂ ಏನೂ ಆಗಲಿಲ್ಲ. ದರ್ಜಿ ಕೈಗೆ ಸಿಕ್ಕ ಹೊಸ ಬಟ್ಟೆಯನ್ನೆಲ್ಲ ತಂದು ಅವನ ತೊಡೆಗೆ ಒತ್ತಿಹಿಡಿದ.

ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು, ಬಲಗಾಲು ಎರಡು ಕಡೆ ಒಡೆದಿತ್ತು. ಕಬ್ಬಿಣದ ಸರಳು ಹಾಕಿ ಕೂಡಿಸಿದರು. "ನಡೀತಾರೆ. ಹತ್ತೋದನ್ನ ಮರೆತುಬಿಡಲಿ" ಎಂದರು ಡಾಕ್ಟರು.

ಮಾರನೆಯ ದಿನ ಅವಳು ಯಾರಿಗೂ ಹೇಳದೆ ದರ್ಜಿಯ ಹಿತ್ತಿಲಿಗೆ ಹೋದಳು. ಮುರಿದ ಕವಲು ಅಲ್ಲೇ ಬಿದ್ದಿತ್ತು. ಹೊರಗೆ ಬೆರಳಗಲ ಒಳ್ಳೆಯ ಮರ, ಒಳಗೆಲ್ಲ ಒಣಗಿದ ರೊಟ್ಟಿಯಂತೆ ಹಿಸುಕಿದರೆ ಉದುರುವ ಕಂದು ಪುಡಿ. ಬೆರಳು ಚುಚ್ಚಿದರೆ ಬುಡದವರೆಗೆ ಹೋಯಿತು. ಮೂಗಿಗೆ ಹಿಡಿದಳು. ತೇವದ ಮುಗ್ಗುಲು ವಾಸನೆ. ಬೈರಿಗೆಯ ಎರಡು ಸುತ್ತು ಸಾಕಾಗುತ್ತಿತ್ತು. ದರ್ಜಿ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಅವನು ಏನೋ ಹೇಳಿ, ಉತ್ತರ ಬರದೆ, ಸುಮ್ಮನೆ ಒಳಗೆ ಹೋಗಿ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ತಮ್ಮನ ಮಂಚ ಕಿಟಕಿಯ ಪಕ್ಕಕ್ಕಿತ್ತು. ಮಾತಾಡುವಷ್ಟು ಶಕ್ತಿ ಬಂದ ಮೇಲೆ ಒಂದು ಸಂಜೆ ಅವಳು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತಳು.

"ನನಗೆ ಕಿವಿ ಕೇಳಲ್ಲ ಕಣೋ" ಎಂದಳು. "ತುಂಬ ದಿನ ಆಯ್ತು."

ಅವನು ಸೂರು ನೋಡುತ್ತಿದ್ದ. "ಗೊತ್ತು."

"ಏನಂದೆ?"

"ಗೊತ್ತು ಅಂದೆ!" ಅವನು ದನಿ ಎತ್ತಬೇಕಾಯಿತು. ಪಕ್ಕದ ಮಂಚದವರು ತಿರುಗಿ ನೋಡಿದರು. "ನೀನು ಬೇಡ ಅಂದ ಕೊಂಬೆಗಳನ್ನ ಮೇಲೆ ಹೋಗಿ ಕತ್ತಿಯ ಹಿಡಿಯಿಂದ ಬಡಿದು ನೋಡ್ತಿದ್ದೆ. ಸುಮಾರು ಸಲ ಗಟ್ಟಿಯೇ ಇರ್ತಿತ್ತು. ನಿನಗೆ ಕಾಣದ ಹಾಗೆ ಮಗುಚಿ ಹಾಕ್ತಿದ್ದೆ."

"ನಾನು ನೋಡಿದ್ದೆ."

ಈಗ ಅವನು ಮುಖ ತಿರುಗಿಸಿದ. "ಯಾವಾಗ?"

"ಒಂದ್ಸಲ. ನೀನು ನೀರು ಕುಡಿಯೋಕೆ ಹೋಗಿದ್ದೆ. ಆಮೇಲಿಂದ ನಾನೇ ಅಂದಾಜು ಮಾಡಿ ಗಟ್ಟಿ ಅಂತಿದ್ದೆ."

ಅವನ ದನಿ ತಗ್ಗಿತು. ಆಮೇಲೆ ಹೇಳಿದ್ದನ್ನು ಅವಳು ತುಟಿ ನೋಡಿ ಹಿಡಿಯಬೇಕಾಯಿತು. "ನೀನು ಬೇಡ ಅಂದಿದ್ದನ್ನ ಮಾತ್ರ ನಾನು ಪರೀಕ್ಷೆ ಮಾಡ್ತಿದ್ದೆ ಅಕ್ಕ. ಗಟ್ಟಿ ಅಂದಿದ್ದನ್ನ ಮಾಡ್ತಿರಲಿಲ್ಲ. ನಿನ್ನ ತಪ್ಪೆಲ್ಲ ಒಂದೇ ಕಡೆಗಿತ್ತು. ಗಟ್ಟಿ ಅಂದ್ರೆ ಗಟ್ಟಿಯೇ ಇರ್ತಿತ್ತು."

ತಮ್ಮನ ಹೆಂಡತಿ ಊಟದ ಡಬ್ಬಿ ಹಿಡಿದು ಮಂಚದ ಕಾಲುಗಡೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಇಬ್ಬರೂ ನೋಡಿರಲಿಲ್ಲ. ಅವಳು ಅಳಲಿಲ್ಲ. ಡಬ್ಬಿಯನ್ನು ಪಕ್ಕದ ಪುಟ್ಟ ಕಪಾಟಿನ ಮೇಲಿಟ್ಟಳು.

"ಒಂದೇ ಮನೇಲಿ ಉಂಡು ಒಂದೇ ಮನೇಲಿ ಮಲಗ್ತಿದ್ರಿ" ಎಂದಳು. "ಒಂದು ಮಾತು. ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ, ಒಂದು ಮಾತು ಆಡೋಕೆ ಏನು ಬಂದಿತ್ತು ನಿಮ್ಮಿಬ್ಬರಿಗೆ? ನನಗಾದ್ರೂ ಹೇಳಬಹುದಿತ್ತಲ್ಲ? ಅಕ್ಕನಿಗೆ ಬೇಜಾರಾಗುತ್ತೆ, ತಮ್ಮನಿಗೆ ಬೇಜಾರಾಗುತ್ತೆ. ಈಗ ಆಯ್ತಾ ಸಮಾಧಾನ?"

ಅಕ್ಕ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಕೊನೆ. ಆಮೇಲೆ ಅವಳು ಕೆಟ್ಟದಾಗಿ ನಡೆದುಕೊಂಡಳು ಎಂದು ಹೇಳುವಂತಿಲ್ಲ. ತಟ್ಟೆ ಇಡುತ್ತಿದ್ದಳು, ಬಟ್ಟೆ ಒಗೆದು ಮಡಿಸಿಡುತ್ತಿದ್ದಳು. ಆದರೆ ಏನಾದರೂ ಹೇಳಬೇಕಾದರೆ ಮಗಳ ಕೈಯಲ್ಲಿ ಹೇಳಿಸುತ್ತಿದ್ದಳು. ಆ ಸಣ್ಣ ಕಂಠ ತನಗೆ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಮಾಡುತ್ತಿದ್ದಾಳೋ ಗೊತ್ತಿಲ್ಲದೆಯೋ ಎಂದು ಇವಳು ಯೋಚಿಸುತ್ತಿದ್ದಳು, ಕೇಳಲು ಧೈರ್ಯ ಬರುತ್ತಿರಲಿಲ್ಲ.

ಕಿವಿಯ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿ, "ಗಟ್ಟಿ ಶಬ್ದದ ಪಕ್ಕ ಕೆಲಸ ಮಾಡ್ತಿದ್ರಾ?" ಎಂದು ಕೇಳಿದರು. ಅವಳು ಮೋಟಾರು ಗರಗಸ ಎಂದಳು. ಅವರು ತಲೆ ಆಡಿಸಿದರು. ಹೋದದ್ದು ಬರುವುದಿಲ್ಲ ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅದರಲ್ಲಿ ಮಾತು ಅಷ್ಟಿಷ್ಟು ಕೇಳಿತು. ಆದರೆ ಮರಕ್ಕೆ ಬಡಿದಾಗ ಗಟ್ಟಿಯೂ ಕೊಳೆತದ್ದೂ ಒಂದೇ ಥರ, ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ. ಪಾರ್ಕಿನ ಮರಗಳನ್ನೆಲ್ಲ ಒಂದು ಬೆಳಿಗ್ಗೆ ಪೂರ್ತಿ ಬಡಿದು ನೋಡಿದಳು. ನಡೆಯಲು ಬಂದವರು ಹುಚ್ಚಿಯೆಂದು ದೂರದಿಂದ ಸುತ್ತಿ ಹೋದರು. ಅಲ್ಲಿಗೆ ಬಿಟ್ಟಳು.

ತಮ್ಮ ಮನೆಗೆ ಬಂದ ಮೇಲೆ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಗರಗಸಗಳಿಗೆ ಅರ ಹಾಕುವ ಕೆಲಸ ಹಿಡಿದ. ಬೇರೆ ಮರ ಕಡಿಯುವವರು ಮೊಂಡಾದ ಗರಗಸ ತಂದುಕೊಡುತ್ತಾರೆ, ಅವನು ಒಂದೊಂದೇ ಹಲ್ಲನ್ನು ಉಜ್ಜಿ ಚೂಪು ಮಾಡುತ್ತಾನೆ. ಯಾವ ಮರ ಹತ್ತಿದರು, ಎಷ್ಟು ಎತ್ತರ ಎಂದು ಅವರನ್ನು ಕೇಳುತ್ತಾನೆ. ಅವರು ಹೇಳತೊಡಗಿದರೆ ಮುಖ ತಗ್ಗಿಸಿ ಜೋರಾಗಿ ಉಜ್ಜುತ್ತಾನೆ.

ಅವಳು ಎರಡು ಬೀದಿ ಆಚೆ ಮಹಡಿಯ ಮೇಲೊಂದು ಕೋಣೆ ಹಿಡಿದಳು. ಹೋಗಬೇಡ ಎಂದು ತಮ್ಮ ಹೇಳಿದ, ಅವನ ಹೆಂಡತಿ ಹೇಳಲಿಲ್ಲ. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿ ಹಾಕುವ ಕೆಲಸ ಸಿಕ್ಕಿದೆ. ಅಲ್ಲಿ ಯಂತ್ರಗಳ ಗದ್ದಲಕ್ಕೆ ಯಾರಿಗೂ ಏನೂ ಕೇಳುವುದಿಲ್ಲ, ಕೈಸನ್ನೆಯಲ್ಲೇ ಮಾತು. ಹೊಸಬಳೆಂದು ಯಾರೂ ಅವಳನ್ನು ವಿಚಾರಿಸಲಿಲ್ಲ. ಬಿಳಿ ಹಾಸುಗಳು ಒಂದರ ಮೇಲೊಂದು ಬರುತ್ತವೆ, ಅವಳು ಸುಕ್ಕು ತೆಗೆದು ಮಡಿಸುತ್ತಾಳೆ. ಯಾವ ಹಾಸು ಯಾವ ಮಡಿಕೆಯಲ್ಲಿ ನವೆದಿದೆ ಎಂದು ಬೆರಳಿಗೆ ತಿಳಿಯುತ್ತದೆ. ಅಂಥದ್ದನ್ನು ತೆಗೆದು ಪಕ್ಕಕ್ಕಿಡುತ್ತಾಳೆ, ಮೇಲ್ವಿಚಾರಕಿ ಅದನ್ನು ಮತ್ತೆ ಸಾಲಿಗೆ ಸೇರಿಸುತ್ತಾಳೆ.

ರಜೆಯ ದಿನ ಮಧ್ಯಾಹ್ನ ತಮ್ಮ ಬರುತ್ತಾನೆ. ಊರುಗೋಲು ಊರಿ, ಮೆಟ್ಟಿಲಿನ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ಹತ್ತುತ್ತಾನೆ. ಯಂತ್ರ ಹಾಕಿಕೊಂಡಿದ್ದರೂ ಅವಳ ಜೊತೆ ಕೂಗಿಯೇ ಮಾತಾಡಬೇಕು. ಅವಳೂ ತನಗೆ ಕೇಳದೆ ಕೂಗುತ್ತಾಳೆ. ಊಟ ಆಯ್ತಾ ಎಂಬುದರಿಂದ ಹಿಡಿದು ಕಾಲಿನ ಸರಳು ಚಳಿಗೆ ನೋಯುತ್ತದೆ ಎಂಬುದರವರೆಗೆ, ಆ ದಿನ ಬೈರಿಗೆ ಯಾಕೆ ಕೇಳಲಿಲ್ಲ, ನೀನು ಯಾಕೆ ಬಡಿದು ನೋಡಲಿಲ್ಲ ಎಂಬ ಜಗಳದವರೆಗೆ, ಎಲ್ಲವೂ ಕೆಳಗಿನ ಅಂಗಡಿಗೆ ಕೇಳುತ್ತದೆ. ಪಕ್ಕದ ಕೋಣೆಯವಳು ಒಮ್ಮೊಮ್ಮೆ ಗೋಡೆ ಬಡಿಯುತ್ತಾಳೆ. ಅದು ತಮ್ಮನಿಗೆ ಕೇಳುತ್ತದೆ, ಅವಳಿಗೆ ಕೇಳುವುದಿಲ್ಲ.

ಮೊನ್ನೆ ಅವನು ಹೊರಟಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಮೆಟ್ಟಿಲು ಕಷ್ಟ ಆಗುತ್ತಲ್ಲೋ. ನಾನೇ ಅಲ್ಲಿಗೆ ಬರ್ಲಾ?"

ಅವನು ಊರುಗೋಲನ್ನು ಸರಿಯಾಗಿ ಊರಿಕೊಂಡ.

"ಈಗಲೇ ಬೇಡ ಅಕ್ಕ. ಅವಳಿಗೆ ಇನ್ನೂ ಮನಸ್ಸಾಗ್ತಾ ಇಲ್ಲ" ಎಂದು ಕೂಗಿದ.

ಅವಳು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು, ಅವನ ಇನ್ನೊಂದು ತೋಳು ಹಿಡಿದು ಮೆಟ್ಟಿಲಿಳಿಸತೊಡಗಿದಳು.